ಮದ್ರಾಸು ತಕರಾರು ತೆಗೆದ 226ನೇ ವಿಧಿ

1948ರಲ್ಲಿ ಶಿರೂರು ದಾಟಿ ಭಟ್ಕಳದ ಹಾದಿ ಹಿಡಿದರೆ ಮುಂಬಯಿ ಪ್ರಾಂತ್ಯ. ಕೊಲ್ಲೂರಿನಿಂದ ಘಾಟಿ ಹತ್ತಿ ನಾಗೋಡಿ ಮುಟ್ಟಿದರೆ ಮೈಸೂರು ಸಂಸ್ಥಾನ. ಇವೆರಡರ ಮಗ್ಗುಲಲ್ಲಿ, ಕಡಲಿಗೂ ಘಟ್ಟಕ್ಕೂ ನಡುವೆ ಇರುವ ಈಗಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಬೈಂದೂರು ಆಗ ಕುಂದಾಪುರ ತಾಲೂಕಿನ ಒಳಗೆ, ಬ್ರಹ್ಮಾವರ ಉಡುಪಿ ತಾಲೂಕಿನ ಒಳಗೆ. ಕನ್ನಡ ಮಾತಾಡುವ, ಕೊಲ್ಲೂರಿನ ಮೂಕಾಂಬಿಕೆಗೆ ಹರಕೆ ಹೊರುವ, ಹೆಣ್ಣು ಕೊಟ್ಟು ತಂದು ಮಾಡುವ ಜನ ಮೂರು ಸರಕಾರಗಳ ಕೆಳಗೆ ಹಂಚಿಹೋಗಿದ್ದರು. ಅದೂ ಹಳೆಯ ವ್ಯವಸ್ಥೆಯೇನಲ್ಲ. ಕೆನರಾ ಜಿಲ್ಲೆಯನ್ನು ಒಡೆದ ಬ್ರಿಟಿಷರು 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು, ಕುಂದಾಪುರ ತಾಲೂಕನ್ನು ಮಾತ್ರ ಮದ್ರಾಸಿನಲ್ಲೇ ಉಳಿಸಿಕೊಂಡರು. ಆ ತೀರ್ಮಾನ ಬೇರೆಯಾಗಿದ್ದರೆ ನಮ್ಮ ಅಜ್ಜಂದಿರ ಕಾಗದಪತ್ರಗಳ ಮೇಲೆ ಮುಂಬಯಿಯ ಮೊಹರು ಇರುತ್ತಿತ್ತು.

ಈ ಗಡಿಗಳಿಗೂ ಭಾರತದ ಸಂವಿಧಾನ ಪಾಸಾದ ಬಗೆಗೂ ಇರುವ ನಂಟು ನಮ್ಮ ತರಗತಿಗೆ ಹೇಗೆ ಸಿಕ್ಕಿತು ಎಂಬುದನ್ನು ಇಲ್ಲಿ ಹೇಳಬೇಕು.

ನಾನು ಈ ಸೀಮೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಪದವಿ ತರಗತಿಗೆ ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಹೋಲಿಸಿ ಕಲಿಸುವ ಭಾಗ ಬರುತ್ತದೆ. ಅದರಲ್ಲಿ ಅಮೆರಿಕದ ಕತೆ ಹುಡುಗರಿಗೆ ಬಲು ಇಷ್ಟ, ಯಾಕೆಂದರೆ ಅಲ್ಲಿ ಜಗಳ ಇದೆ. 1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾದಲ್ಲಿ ಸಂವಿಧಾನಕ್ಕೆ ಸಹಿ ಬಿತ್ತು. ಬಿದ್ದ ಮಾತ್ರಕ್ಕೆ ಜಾರಿಗೆ ಬರುವ ಹಾಗಿರಲಿಲ್ಲ. ಅದರ 7ನೇ ವಿಧಿಯ ಪ್ರಕಾರ 13 ರಾಜ್ಯಗಳ ಪೈಕಿ 9 ರಾಜ್ಯಗಳಾದರೂ ತಮ್ಮಲ್ಲಿ ಜನರಿಂದ ಆರಿಸಿದ ಸಮಾವೇಶ ಕೂಡಿಸಿ, ಚರ್ಚೆ ಮಾಡಿ, ಮತಕ್ಕೆ ಹಾಕಿ ಅನುಮೋದಿಸಬೇಕು. ಡೆಲವೇರ್ ಡಿಸೆಂಬರ್ 7ಕ್ಕೇ ಒಪ್ಪಿತು. ಮ್ಯಾಸಚುಸೆಟ್ಸ್‌ನಲ್ಲಿ 187ಕ್ಕೆ 168. ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಗಿ 1788ರ ಜೂನ್ 21ರಂದು ಒಪ್ಪಿದಾಗ ಲೆಕ್ಕ ತುಂಬಿತು. ಆದರೂ ವರ್ಜೀನಿಯಾ, ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯಗಳು ಹೊರಗುಳಿದರೆ ಒಕ್ಕೂಟಕ್ಕೆ ಬಲವಿಲ್ಲ. ವರ್ಜೀನಿಯಾದಲ್ಲಿ ಒಂದು ಕಡೆ ಮ್ಯಾಡಿಸನ್, ಇನ್ನೊಂದು ಕಡೆ ಪ್ಯಾಟ್ರಿಕ್ ಹೆನ್ರಿ. ಪೀಠಿಕೆಯಲ್ಲಿ ‘ಜನರಾದ ನಾವು’ ಎಂದು ಬರೆಯಲು ನಿಮಗೆ ಹಕ್ಕು ಕೊಟ್ಟವರಾರು, ‘ರಾಜ್ಯಗಳಾದ ನಾವು’ ಎಂದಲ್ಲವೇ ಇರಬೇಕಾದದ್ದು ಎಂಬುದು ಹೆನ್ರಿಯ ವಾದ. ಕೊನೆಗೆ 89ಕ್ಕೆ 79ರಲ್ಲಿ ಸಂವಿಧಾನ ಗೆದ್ದಿತು. ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ನಾರ್ತ್ ಕ್ಯಾರೊಲೈನಾ ಮೊದಲು ಒಪ್ಪದೆ 1789ರ ನವೆಂಬರ್‌ನಲ್ಲಿ ಒಪ್ಪಿತು. ರೋಡ್ ಐಲೆಂಡ್ 1790ರ ಮೇ ತನಕ ಕಾದು, 34ಕ್ಕೆ 32ರಲ್ಲಿ ಒಳಗೆ ಬಂತು.

ಇದನ್ನು ಓದಿ ಹೇಳುವುದಕ್ಕಿಂತ ಆಡಿಸುವುದು ಲೇಸು. ತರಗತಿಯನ್ನು ಎರಡು ಪಂಗಡ ಮಾಡಿ ವರ್ಜೀನಿಯಾ ಸಮಾವೇಶ ನಡೆಸುತ್ತೇವೆ. ಯಕ್ಷಗಾನ, ತಾಳಮದ್ದಳೆ ನೋಡಿ ಬೆಳೆದ ಮಕ್ಕಳಿಗೆ ಅರ್ಥ ಹೇಳುವುದನ್ನು ಬೇರೆ ಕಲಿಸಬೇಕಾಗಿಲ್ಲ. ಹಕ್ಕುಗಳ ಪಟ್ಟಿಯೇ ಇಲ್ಲದ ಸಂವಿಧಾನಕ್ಕೆ ಹೇಗೆ ಒಪ್ಪಲಿ ಎಂದು ಹೆನ್ರಿಯ ಪಾತ್ರ ಹಿಡಿದವನು ಏರುದನಿಯಲ್ಲಿ ಕೇಳುವಾಗ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಆ ವಾದ ಸೋತರೂ ಬೇರು ಬಿಟ್ಟಿತು ಎಂಬುದು ಮಕ್ಕಳಿಗೆ ತಟ್ಟಬೇಕಾದ ಸಂಗತಿ. ರಾಜ್ಯಗಳು ಒಪ್ಪಿಗೆಯ ಜೊತೆಗೆ ತಿದ್ದುಪಡಿಗಳ ಪಟ್ಟಿ ಕಳಿಸಿದವು, 1791ರ ಡಿಸೆಂಬರ್ 15ಕ್ಕೆ ಹತ್ತು ತಿದ್ದುಪಡಿಗಳು ಹಕ್ಕುಗಳ ಮಸೂದೆಯಾಗಿ ಸಂವಿಧಾನದೊಳಗೆ ಬಂದವು.

ಹೀಗೊಂದು ಚರ್ಚೆ ಮುಗಿದ ಮೇಲೆ, ಶಿರೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಹಾಂಗಾರೆ ನಮ್ಮನ್ ಯಾರೂ ಕೇಣ್ಲೇ ಇಲ್ಯಾ ಸರ್?”

ಪಠ್ಯಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರ ಇದೆ. ಭಾರತದ ಸಂವಿಧಾನಕ್ಕೆ ರಾಜ್ಯಗಳ ಅನುಮೋದನೆ ಬೇಕಾಗಿರಲಿಲ್ಲ. 1946ರ ಡಿಸೆಂಬರ್ 9ರಂದು ಸೇರಿದ ಸಂವಿಧಾನ ರಚನಾ ಸಭೆ 1949ರ ನವೆಂಬರ್ 26ರಂದು ಅದನ್ನು ಅಂಗೀಕರಿಸಿತು, 1950ರ ಜನವರಿ 26ರಂದು ಜಾರಿಗೆ ಬಂತು. ಅಮೆರಿಕದಲ್ಲಿ ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಒಕ್ಕೂಟವಾದವು, ಇಲ್ಲಿಯ ಒಕ್ಕೂಟ ಅಂಥ ಒಪ್ಪಂದದಿಂದ ಹುಟ್ಟಿದ್ದಲ್ಲ, ಆದ್ದರಿಂದಲೇ ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ. ಇದು ಡಾ. ಬಿ.ಆರ್. ಅಂಬೇಡ್ಕರ್ 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಡುತ್ತಾ ಕೊಟ್ಟ ವಿವರಣೆ. ಎಲ್ಲ ಪಠ್ಯಗಳೂ ಅದನ್ನು ಉದ್ಧರಿಸುತ್ತವೆ.

ಉತ್ತರ ಸರಿ. ಆದರೆ ಹುಡುಗಿ ಕೇಳಿದ್ದು ಅನುಮೋದನೆ ಕಾನೂನಿನ ಪ್ರಕಾರ ಬೇಕಿತ್ತೇ ಎಂದಲ್ಲ. ಕೇಳಿದರೇ ಇಲ್ಲವೇ ಎಂದು. ಎರಡಕ್ಕೂ ವ್ಯತ್ಯಾಸವಿದೆ. ಹಾಗಾಗಿ ಆ ಭಾಷಣವನ್ನು ಉದ್ಧೃತ ಸಾಲುಗಳಲ್ಲಿ ಓದುವುದು ಬಿಟ್ಟು ಇಡಿಯಾಗಿ ಓದೋಣ ಎಂದು ತರಗತಿಯಲ್ಲೇ ತೀರ್ಮಾನವಾಯಿತು. ಸಂವಿಧಾನ ರಚನಾ ಸಭೆಯ ಚರ್ಚೆಗಳು ಈಗ ಯಾರು ಬೇಕಾದರೂ ಓದುವಂತೆ ಸಿಗುತ್ತವೆ, ಫೋನಿನಲ್ಲೂ ಓದಬಹುದು. ಭಾಷಣ ಉದ್ದ ಇದೆ. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ಭಾಗ ಓದಿ ಕನ್ನಡದಲ್ಲಿ ಹೇಳುತ್ತಾ ಬಂದರು.

ಸಿಕ್ಕಿದ್ದು ಕೊನೆಯ ಭಾಗದಲ್ಲಿ. ಕರಡು ಜನರ ಮುಂದೆ ಎಂಟು ತಿಂಗಳಿಂದ ಇದೆ ಎಂದು ಹೇಳಿದ ಅಂಬೇಡ್ಕರ್ ಅಲ್ಲೇ ಇನ್ನೊಂದು ಮಾತು ಸೇರಿಸುತ್ತಾರೆ. ಈ ಕರಡು ಕೆಲವು ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಚರ್ಚೆಯಾಗಿದೆ: ಮುಂಬಯಿ, ಮಧ್ಯ ಪ್ರಾಂತ್ಯ, ಪಶ್ಚಿಮ ಬಂಗಾಳ, ಬಿಹಾರ, ಮದ್ರಾಸು, ಪೂರ್ವ ಪಂಜಾಬ್. ಕೆಲವು ಸಭೆಗಳಲ್ಲಿ ಹಣಕಾಸಿನ ವಿಧಿಗಳಿಗೆ ಬಲವಾದ ಆಕ್ಷೇಪ ಬಂತು. ಮದ್ರಾಸಿನಲ್ಲಿ 226ನೇ ವಿಧಿಗೆ ಆಕ್ಷೇಪ ಬಂತು. ಅವು ಬಿಟ್ಟರೆ ಗಂಭೀರ ವಿರೋಧ ಎಲ್ಲೂ ಬರಲಿಲ್ಲ.

ಎರಡು ಮೂರು ವಾಕ್ಯ, ಅಷ್ಟೆ. ಆದರೆ ಆ ಪಟ್ಟಿಯಲ್ಲಿ ಮದ್ರಾಸು ಇದೆ, ಮುಂಬಯಿ ಇದೆ. ಕುಂದಾಪುರ ಸೇರಿದ್ದ ಪ್ರಾಂತ್ಯ, ಭಟ್ಕಳ ಸೇರಿದ್ದ ಪ್ರಾಂತ್ಯ. ಓದುತ್ತಿದ್ದ ಹುಡುಗ ಅಲ್ಲಿಗೆ ನಿಲ್ಲಿಸಿ ಮತ್ತೊಮ್ಮೆ ಓದಿದ. ಒಕ್ಕೂಟ ಒಪ್ಪಂದದಿಂದ ಹುಟ್ಟಿದ್ದಲ್ಲ ಎಂಬ ಪ್ರಸಿದ್ಧ ಮಾತೂ ಇದೇ ಭಾಷಣದ್ದು, ಪ್ರಾಂತ್ಯಗಳು ಕೂತು ಚರ್ಚಿಸಿದವು ಎಂಬ ಯಾರೂ ಉದ್ಧರಿಸದ ಮಾತೂ ಇದೇ ಭಾಷಣದ್ದು. ಒಂದನ್ನು ಕಲಿಸಿ ಇನ್ನೊಂದನ್ನು ಬಿಡುತ್ತಾ ಬಂದದ್ದು ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಇನ್ನು 226ರ ಹುಡುಕಾಟ. ಮಕ್ಕಳು ಈಗಿನ ಸಂವಿಧಾನ ತೆರೆದು 226 ನೋಡಿದರು. ಅದು ಹೈಕೋರ್ಟಿನ ರಿಟ್ ಅಧಿಕಾರ. ಸರಕಾರ ಅನ್ಯಾಯ ಮಾಡಿದರೆ ಜನಸಾಮಾನ್ಯರು ನೇರವಾಗಿ ಹೈಕೋರ್ಟಿಗೆ ಹೋಗುವ ದಾರಿ. ಇದಕ್ಕೆ ಮದ್ರಾಸಿನವರು ಯಾಕೆ ಬೇಡ ಎಂದರು? ಪ್ರಾಂತ್ಯ ಸರಕಾರಕ್ಕೆ ಕೋರ್ಟು ಬೇಡವಾಗಿತ್ತೇ? ಒಬ್ಬ ಅದೇ ದಾರಿಯಲ್ಲಿ ಒಂದು ಪುಟ ಬರೆದೂ ಬಿಟ್ಟ. ಇನ್ನೊಬ್ಬಳಿಗೆ ಅನುಮಾನ. 1948ರ ನವೆಂಬರ್‌ನಲ್ಲಿ ಸಂವಿಧಾನ ಇನ್ನೂ ಕರಡು. ಕರಡಿನಲ್ಲಿ ಇದ್ದದ್ದು 315 ವಿಧಿ, ಪಾಸಾಗುವಾಗ 395. ನಡುವೆ 80 ವಿಧಿ ಹೆಚ್ಚಾದ ಮೇಲೆ ಹಳೆಯ ಸಂಖ್ಯೆ ಹಳೆಯ ಜಾಗದಲ್ಲಿ ಇರುತ್ತದೆಯೇ?

ಇರಲಿಲ್ಲ. ಕರಡು ಸಂವಿಧಾನವನ್ನೇ ತೆಗೆದು ನೋಡಿದಾಗ 226 ಬೇರೆಯೇ ವಿಷಯ. ಅದರ ಸಾರ ಇಷ್ಟು: ರಾಜ್ಯಪಟ್ಟಿಯಲ್ಲಿರುವ ಯಾವುದೇ ವಿಷಯದ ಮೇಲೆ ಸಂಸತ್ತೇ ಕಾನೂನು ಮಾಡುವುದು ರಾಷ್ಟ್ರದ ಹಿತಕ್ಕೆ ಅಗತ್ಯ ಎಂದು ರಾಜ್ಯಸಭೆ, ಹಾಜರಿದ್ದು ಮತ ಹಾಕಿದವರ ಮೂರರಲ್ಲಿ ಎರಡು ಪಾಲಿನ ಬೆಂಬಲದಿಂದ ನಿರ್ಣಯ ಮಾಡಿದರೆ, ಸಂಸತ್ತು ಆ ವಿಷಯದಲ್ಲಿ ಇಡೀ ದೇಶಕ್ಕಾಗಲಿ ಒಂದು ಭಾಗಕ್ಕಾಗಲಿ ಕಾನೂನು ಮಾಡಬಹುದು. ಈಗಿನ ಸಂವಿಧಾನದಲ್ಲಿ ಅದು 249ನೇ ವಿಧಿ.

ಆಗ ಮದ್ರಾಸಿನ ತಕರಾರು ಅರ್ಥವಾಗತೊಡಗಿತು. ರಾಜ್ಯಪಟ್ಟಿ ಎಂದರೆ ಜಮೀನು, ಗೇಣಿ, ಪೊಲೀಸು, ಆಸ್ಪತ್ರೆ, ಮೀನುಗಾರಿಕೆ, ಹೆಂಡ. ಮನೆಯ ಹೊಸ್ತಿಲು ದಾಟಿದ ಕೂಡಲೇ ಎದುರಾಗುವ ಸಂಗತಿಗಳೆಲ್ಲ ಅದರಲ್ಲಿವೆ. 1948ರ ಮದ್ರಾಸನ್ನೇ ನೋಡಿ. ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಆಗ ಅಲ್ಲಿಯ ಪ್ರಧಾನಿ. ಪ್ರಾಂತ್ಯದ ಮುಖ್ಯಮಂತ್ರಿಯನ್ನು ಆಗ ಹಾಗೇ ಕರೆಯುತ್ತಿದ್ದರು. ಅವರ ಸರಕಾರ ಆ ವರ್ಷದ ಅಕ್ಟೋಬರ್ 2ರ ಹೊತ್ತಿಗೆ ಪಾನನಿರೋಧವನ್ನು ಇಡೀ ಪ್ರಾಂತ್ಯಕ್ಕೆ ಹಬ್ಬಿಸಿತು. ನಮ್ಮ ಕರಾವಳಿಯಲ್ಲಿ ತೆಂಗು, ಈಚಲು, ತಾಳೆಯಿಂದ ಶೇಂದಿ ಇಳಿಸಿ ಬದುಕುತ್ತಿದ್ದ ಮನೆಗಳು ಎಷ್ಟೋ. ಆ ಕಾನೂನು ಒಳ್ಳೆಯದೋ ಕೆಟ್ಟದ್ದೋ, ಅದನ್ನು ಮಾಡುವ, ಬೇಡವೆಂದು ಹಿಂತೆಗೆಯುವ ಅಧಿಕಾರ ಪ್ರಾಂತ್ಯದ ಕೈಯಲ್ಲಿತ್ತು, ಜನ ಹೋಗಿ ಜಗಳಾಡಬಹುದಾದ ದೂರದಲ್ಲಿತ್ತು. ಅಂಥ ವಿಷಯವನ್ನು ಒಂದು ನಿರ್ಣಯದ ಬಲದಿಂದ ದೆಹಲಿ ಎತ್ತಿಕೊಳ್ಳಬಹುದು, ಎಷ್ಟು ಕಾಲಕ್ಕೆ ಎಂಬ ಮಿತಿಯನ್ನೂ ಕರಡು ಹಾಕಿರಲಿಲ್ಲ. ಹೊಸದಾಗಿ ಅಧಿಕಾರದ ಹೊಣೆ ಹೊತ್ತ ಪ್ರಾಂತ್ಯವೊಂದಕ್ಕೆ ಇದು ಚುಚ್ಚದೆ ಇರಲು ಸಾಧ್ಯವೇ?

ಇಲ್ಲಿಯ ತನಕ ಬಂದಾಗ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು. ಕೇಳಿದ್ದರು. ಯಾರನ್ನು ಕೇಳಿದ್ದರು ಎಂಬುದು ಉಳಿದ ಅರ್ಧ.

ಮದ್ರಾಸು ಶಾಸನಸಭೆ 1946ರ ಚುನಾವಣೆಯಲ್ಲಿ ಆರಿಸಿ ಬಂದದ್ದು. ಅದು 1935ರ ಕಾಯಿದೆಯ ಪ್ರಕಾರ ನಡೆದ ಚುನಾವಣೆ. ಆಸ್ತಿ, ತೆರಿಗೆ, ವಿದ್ಯೆ ಇವುಗಳಲ್ಲಿ ಯಾವುದಾದರೊಂದು ಅರ್ಹತೆ ಇದ್ದವರಿಗೆ ಮಾತ್ರ ಮತ. ಗಂಗೊಳ್ಳಿಯಲ್ಲಿ ಬೇರೆಯವರ ದೋಣಿಗೆ ಹೋಗುತ್ತಿದ್ದ ಮೊಗವೀರರಿಗೆ, ಧಣಿಯ ಗದ್ದೆಯಲ್ಲಿ ನಟ್ಟಿ ಮಾಡುತ್ತಿದ್ದ ಹೆಂಗಸರಿಗೆ ಅದರಲ್ಲಿ ಜಾಗ ಸಿಗುವುದು ದುರ್ಲಭ. ಸಂವಿಧಾನ ರಚನಾ ಸಭೆಗೆ ಪ್ರಾಂತ್ಯಗಳಿಂದ ಹೋದವರನ್ನು ಆರಿಸಿದ್ದೂ ಇಂಥ ಶಾಸನಸಭೆಗಳೇ, ಸುಮಾರು ಹತ್ತು ಲಕ್ಷ ಜನಕ್ಕೆ ಒಂದು ಸ್ಥಾನದಂತೆ. ನಮ್ಮ ಜಿಲ್ಲೆಯ ಉಳ್ಳಾಲ ಶ್ರೀನಿವಾಸ ಮಲ್ಯರು ಹಾಗೆ ಮದ್ರಾಸಿನ ಸದಸ್ಯರಾಗಿ ಅಲ್ಲಿ ಕೂತವರು. ಬೆನಗಲ್ ಶಿವರಾಯರೂ ಸದಸ್ಯರಾಗಿದ್ದರು. ಅವರ ಅಣ್ಣ ಬೆನಗಲ್ ನರಸಿಂಗ ರಾಯರು ಸದಸ್ಯರಾಗದೆ ಸಂವಿಧಾನ ಸಲಹೆಗಾರರಾಗಿದ್ದರು. 1947ರ ಅಕ್ಟೋಬರ್‌ನಲ್ಲಿ 243 ವಿಧಿಗಳ ಮೊದಲ ಕರಡು ಸಿದ್ಧಪಡಿಸಿದ್ದು ಅವರೇ. ಆಮೇಲೆ ಅಮೆರಿಕ, ಕೆನಡಾ, ಐರ್ಲೆಂಡ್‌ಗಳಿಗೆ ಹೋಗಿ ಅಲ್ಲಿಯ ನ್ಯಾಯಾಧೀಶರ ಜೊತೆ ಅದನ್ನು ಚರ್ಚಿಸಿ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಈ ಹೆಸರು ನಮ್ಮ ಕರಾವಳಿಯ ಮಕ್ಕಳಿಗೆ ಪರೀಕ್ಷೆಯ ಒಂದಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿರುವುದು ನನಗೆ ಸಂಕಟದ ವಿಷಯ. ಮದ್ರಾಸಿನ ಆಕ್ಷೇಪವನ್ನು ಓದುವಾಗ ಅದರ ಪಕ್ಕದಲ್ಲಿ ರಾಯರ ಕೆಲಸವನ್ನೂ ಇಟ್ಟು ಓದಿದರೆ, ಬಲವಾದ ಕೇಂದ್ರ ಬೇಕೆಂದವರಲ್ಲೂ ಬೇಡವೆಂದವರಲ್ಲೂ ನಮ್ಮ ಕಡೆಯವರ ಪಾಲಿತ್ತೆಂದು ತಿಳಿಯುತ್ತದೆ.

ಮತ ಇಲ್ಲದವರ ಪರವಾಗಿ ಮತ ಇದ್ದವರು ಆರಿಸಿದ ಸಭೆ ಮಾತಾಡಿತು ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ವರ್ಜೀನಿಯಾದಲ್ಲೂ ಹೆಂಗಸರಿಗೆ, ಗುಲಾಮರಿಗೆ ಮತವಿರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಇಲ್ಲಿ ಸೀಮಿತ ಮತದಿಂದ ಬಂದವರೇ ಬರೆದ ಸಂವಿಧಾನ ಪ್ರಾಯಕ್ಕೆ ಬಂದ ಎಲ್ಲರಿಗೂ ಮತ ಕೊಟ್ಟಿತು. 1951–52ರ ಚುನಾವಣೆಯಲ್ಲಿ ಈ ಮೂರೂ ತಾಲೂಕುಗಳಲ್ಲಿ ಆ ತನಕ ಮತವಿರದ ಬಡವರು, ಹೆಂಗಸರು ಮೊದಲ ಬಾರಿಗೆ ಸಾಲಿನಲ್ಲಿ ನಿಂತರು.

ಇನ್ನು ಘಟ್ಟದ ಮೇಲಿನ ಕತೆ. ಅಮೆರಿಕದ ಅನುಮೋದನೆಗೆ ತೀರ ಹತ್ತಿರ ಬರುವುದು ಇದೇ. ಕೊಲ್ಲೂರಿನಿಂದ ನೋಡಿದರೆ ಕಣ್ಣಿಗೆ ಬೀಳುವ ಬೆಟ್ಟದ ಆಚೆ ಇದು ನಡೆಯಿತು ಎಂದಾಗ ತರಗತಿಯಲ್ಲಿ ಯಾರಿಗೂ ನಂಬಿಕೆ ಬರಲಿಲ್ಲ.

ಮೈಸೂರಿಗೆ ಪ್ರಜಾಪ್ರತಿನಿಧಿ ಸಭೆಯ ಹಳೆಯ ಪರಂಪರೆ ಇತ್ತು. ದಿವಾನ್ ರಂಗಾಚಾರ್ಲು 1881ರಲ್ಲೇ ಅದನ್ನು ಶುರುಮಾಡಿದ್ದರು. ಆದರೆ ಅದು ಮನವಿ ಸಲ್ಲಿಸುವ ಸಭೆ, ಸರಕಾರ ಅದಕ್ಕೆ ಉತ್ತರದಾಯಿಯಲ್ಲ. 1947ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, ಆಡಳಿತ ಮಾತ್ರ ದಿವಾನರ ಕೈಯಲ್ಲೇ ಉಳಿಯಿತು. ‘ಮೈಸೂರು ಚಲೋ’ ಚಳವಳಿ ಎದ್ದಿತು, ಜೈಲುಗಳು ತುಂಬಿದವು. ಅಕ್ಟೋಬರ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಜವಾಬ್ದಾರಿ ಸರಕಾರಕ್ಕೆ ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆ ಒಪ್ಪಂದದ ಫಲವಾಗಿ ಮೈಸೂರಿಗೆ ತನ್ನದೇ ಒಂದು ಸಂವಿಧಾನ ರಚನಾ ಸಭೆ ಬಂತು. ದೆಹಲಿಯಲ್ಲೊಂದು, ಮೈಸೂರು ಸಂಸ್ಥಾನಕ್ಕೊಂದು. ದೆಹಲಿಯ ಸಭೆಯಲ್ಲೂ ಮೈಸೂರಿನ ಏಳು ಮಂದಿ ಇದ್ದರು, ಕೆ.ಸಿ. ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಕೆ. ಹನುಮಂತಯ್ಯ ಅವರಲ್ಲಿ ಸೇರಿದ್ದರು.

ಹೀಗೆ ತಮ್ಮದೇ ಸಂವಿಧಾನ ಸಭೆ ಇದ್ದದ್ದು ಮೂರು ಕಡೆ: ಮೈಸೂರು, ಸೌರಾಷ್ಟ್ರ, ತಿರುವಾಂಕೂರು-ಕೊಚ್ಚಿ. ಪ್ರತಿಯೊಂದು ಸಂಸ್ಥಾನವೂ ಬೇರೆ ಬೇರೆ ಸಂವಿಧಾನ ಬರೆಯುತ್ತಾ ಕೂತರೆ ದೇಶ ಒಂದಾಗುವುದು ಹೇಗೆ ಎಂಬ ಚಿಂತೆ ಅಂಬೇಡ್ಕರರಿಗೂ ಇತ್ತು, ಸರ್ದಾರ್ ಪಟೇಲರಿಗೂ ಇತ್ತು. ಕೊನೆಗೆ ಸಂಸ್ಥಾನಗಳ ಆಡಳಿತದ ಭಾಗವನ್ನೂ ಭಾರತದ ಸಂವಿಧಾನದೊಳಗೇ ಸೇರಿಸುವುದೆಂದಾಯಿತು. 1949ರ ಅಕ್ಟೋಬರ್ 12ರಂದು ಪಟೇಲರು ಸಭೆಗೆ ಇದನ್ನು ವಿವರಿಸಿದರು. ಆದರೆ ಸಂಸ್ಥಾನಗಳ ಪಾಲಿಗೆ ಅದು ಅವರ ಒಪ್ಪಿಗೆಯಿಂದಲೇ ಬರಬೇಕು. ಮೈಸೂರಿನಲ್ಲಿ ಅಲ್ಲಿಯ ಸಂವಿಧಾನ ಸಭೆ ಶಿಫಾರಸು ಮಾಡಿತು, ಮಹಾರಾಜರು 1949ರ ನವೆಂಬರ್ 25ರಂದು ಘೋಷಣೆ ಹೊರಡಿಸಿದರು. ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ, ಅದಕ್ಕೆ ಹೊಂದದ ಸಂಸ್ಥಾನದ ಹಳೆಯ ಕಟ್ಟಳೆಗಳು ಅದು ಜಾರಿಗೆ ಬಂದ ದಿನದಿಂದ ಬಿದ್ದುಹೋಗುತ್ತವೆ ಎಂಬುದು ಅದರ ತಿರುಳು.

ದಿನಾಂಕವನ್ನು ಗಮನಿಸಬೇಕು. ದೆಹಲಿಯ ಸಭೆ ಸಂವಿಧಾನವನ್ನು ಅಂಗೀಕರಿಸಿದ್ದು ಮರುದಿನ, 26ಕ್ಕೆ. ಅಂದರೆ ಮೈಸೂರು ಒಪ್ಪಿಗೆ ಕೊಟ್ಟಾಗ ಸಂವಿಧಾನ ಇನ್ನೂ ಅಂಗೀಕಾರವಾಗಿರಲಿಲ್ಲ. ಅದೇ 25ರಂದು ದೆಹಲಿಯಲ್ಲಿ ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ರಾಜಕೀಯದಲ್ಲಿ ಸಮಾನತೆ ಪಡೆದು ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಸಿಕೊಳ್ಳುವ ವೈರುಧ್ಯದ ಬಗ್ಗೆ ಎಚ್ಚರಿಸಿದ ಭಾಷಣ ಅದು. ಒಂದು ದಿನದ ಎರಡು ಘಟನೆಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದಾಗ ಮಕ್ಕಳು ಕೇಳಿದ ಮೊದಲ ಪ್ರಶ್ನೆ ಸೊಗಸಾಗಿತ್ತು: ಘೋಷಣೆಗೆ ಸಹಿ ಮಾಡಿದ್ದು ರಾಜರು, ಆದರೆ ಪೀಠಿಕೆಯಲ್ಲಿ ‘ಭಾರತದ ಜನರಾದ ನಾವು’ ಎಂದಿದೆಯಲ್ಲ, ಮೈಸೂರಿನ ಪಾಲಿಗೆ ಒಪ್ಪಿದ್ದು ಯಾರು, ರಾಜರೋ ಜನರೋ? ಪ್ಯಾಟ್ರಿಕ್ ಹೆನ್ರಿಯ ತಕರಾರು ಇಲ್ಲಿ ತಿರುಗಿ ನಿಂತಿತು. ಅಲ್ಲಿ ಜನರ ಹೆಸರೆತ್ತಿ ರಾಜ್ಯಗಳನ್ನು ಬದಿಗೆ ಸರಿಸುತ್ತೀರೆಂಬ ದೂರು, ಇಲ್ಲಿ ಜನರ ಹೋರಾಟದಿಂದ ಹುಟ್ಟಿದ ಸಭೆ ಹೇಳಿದ ಮೇಲೆ ರಾಜರು ಸಹಿ ಹಾಕಿದರು. ನನ್ನ ಮಟ್ಟಿಗೆ ಒಪ್ಪಿದ್ದು ಜನ. ಮೈಸೂರು ಚಲೋ ಇಲ್ಲದಿದ್ದರೆ ಆ ಸಭೆಯೂ ಇರುತ್ತಿರಲಿಲ್ಲ.

ಒಪ್ಪಿದರೆಂದ ಮಾತ್ರಕ್ಕೆ ಮೆಚ್ಚಿದರೆಂದಲ್ಲ. ಆ ನವೆಂಬರ್‌ನಲ್ಲಿ ಮೂರನೇ ವಾಚನದ ಹೊತ್ತಿಗೆ ಹನುಮಂತಯ್ಯನವರು, ನಾವು ಬಯಸಿದ್ದು ವೀಣೆಯ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂಬರ್ಥದ ಮಾತನ್ನು ದೆಹಲಿಯ ಸಭೆಯಲ್ಲೇ ಆಡಿದರು. ಮುಂದೆ ವಿಧಾನಸೌಧ ಕಟ್ಟಿಸಿದವರು ಅವರು.

ಇಷ್ಟು ಸಾಮಗ್ರಿ ಕೈಗೆ ಬಂದ ಮೇಲೆ ವರ್ಜೀನಿಯಾ ಆಟದ ಜೊತೆಗೆ ಇನ್ನೊಂದು ಆಟ ಕಟ್ಟಿದೆವು. ತರಗತಿಯ ಬೆಂಚುಗಳನ್ನು ನಕ್ಷೆಯ ಹಾಗೆ ಎಳೆದೆವು. ಉತ್ತರದ ಬಾಗಿಲ ಬಳಿ ಭಟ್ಕಳ, ಅಂದರೆ ಮುಂಬಯಿ. ಪೂರ್ವದ ಕಿಟಕಿಯ ಕಡೆ ಹೊಸನಗರ, ಅಂದರೆ ಮೈಸೂರು. ಉಳಿದವರು ಮದ್ರಾಸು. ಶಿರೂರಿನ ಹುಡುಗಿಯ ಬೆಂಚು ಮುಂಬಯಿಗೆ ತಾಗಿಕೊಂಡೇ ಬಿತ್ತು, ಅವಳ ತಾಯಿಯ ತವರು ಆ ಕಡೆಯದೇ. ಚರ್ಚೆಗೆ ಒಂದೇ ವಿಷಯ: ಕರಡಿನ 226.

ನಿಯಮ ಒಂದು ಮಾಡಿಕೊಂಡೆವು. ದೊಡ್ಡ ಮಾತು ಬೇಡ. ರಾಜ್ಯಪಟ್ಟಿಯಿಂದ ನಿಮ್ಮ ಮನೆಗೆ ತಾಗುವ ಒಂದು ವಿಷಯ ಎತ್ತಿಕೊಂಡು, ಅದು ದೆಹಲಿಗೆ ಹೋದರೆ ಏನಾಗುತ್ತದೆ ಹೇಳಿ.

ಗಂಗೊಳ್ಳಿಯ ಹುಡುಗ ಮೀನುಗಾರಿಕೆ ಎತ್ತಿಕೊಂಡ. ಮೀನುಗಾರಿಕೆ ರಾಜ್ಯಪಟ್ಟಿಯ 21ನೇ ನಮೂದು. ಕರಾವಳಿಯ ಜಲಗಡಿಯ ಆಚೆಗಿನದು ಕೇಂದ್ರಪಟ್ಟಿಯ 57ನೇ ನಮೂದು. ಆ ಗಡಿ ದಡದಿಂದ 12 ನಾಟಿಕಲ್ ಮೈಲು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟುಗಳಿಗೆ ರಜೆ. ಒಳಗಿನ ನೀರಿಗೆ ರಾಜ್ಯದ ಆದೇಶ, ಹೊರಗಿನದಕ್ಕೆ ಕೇಂದ್ರದ ಆದೇಶ. ನಾಡದೋಣಿಯವರು ಆ ದಿನಗಳಲ್ಲೂ ದಡದ ಹತ್ತಿರ ಬಲೆ ಬೀಸುತ್ತಾರೆ. “ದೋಣಿಗ್ ಮೋಟಾರ್ ಇದ್ರ್ ಹ್ಯಾಂಗೆ, ಇಲ್ದಿದ್ರ್ ಹ್ಯಾಂಗೆ ಅಂದೇಳಿ ದೆಲ್ಲಿಯರಿಗ್ ಎಂತ ಗೊತ್ತಿತ್ತ್?” ಎಂದು ಅವನ ವಾದ. ಕಿಟಕಿಯ ಕಡೆಯ ಮೈಸೂರಿನವನು ಬಿಡಲಿಲ್ಲ. ಮೀನಿಗೆ ಜಲಗಡಿ ಗೊತ್ತಿದೆಯೇ? ಒಂದು ರಾಜ್ಯ ರಜೆ ಕೊಟ್ಟು ಪಕ್ಕದ ರಾಜ್ಯ ಕೊಡದಿದ್ದರೆ ನಿನ್ನ ಮೀನನ್ನು ಅವರು ಹಿಡಿಯುವುದಿಲ್ಲವೇ? ರಾಷ್ಟ್ರದ ಹಿತ ಎಂದರೆ ಇಂಥದ್ದೇ ಅಲ್ಲವೇ? ಮದ್ರಾಸಿನ ಬೆಂಚು ಸ್ವಲ್ಪ ಹೊತ್ತು ಸುಮ್ಮನಾಯಿತು.

ಬಾರಕೂರಿನ ಕಡೆಯ ಹುಡುಗಿ ಜಮೀನು ಎತ್ತಿಕೊಂಡಳು. ಅವಳ ಅಜ್ಜ ಗೇಣಿ ಒಕ್ಕಲು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದ ಮೇಲೆ 7ನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ಲಿನ ಮುಂದೆ ನಿಂತು ಗದ್ದೆ ಮಾಡಿಕೊಂಡವರು. ಜಮೀನು, ಧಣಿ-ಒಕ್ಕಲು ಸಂಬಂಧ ರಾಜ್ಯಪಟ್ಟಿಯ 18ನೇ ನಮೂದು. ದೇವರಾಜ ಅರಸರ ಸರಕಾರಕ್ಕೆ ಅಷ್ಟು ಬಿಗಿಯಾದ ಕಾನೂನು ಮಾಡಲು ಸಾಧ್ಯವಾದದ್ದೇ ಆ ವಿಷಯ ಇಲ್ಲಿಯ ಸರಕಾರದ ಕೈಯಲ್ಲಿ ಇದ್ದುದರಿಂದ ಎಂದು ಅವಳು ವಾದಿಸಿದಳು. ಎಲ್ಲ ರಾಜ್ಯಗಳಲ್ಲೂ ಭೂಸುಧಾರಣೆ ಇಲ್ಲಿಯಷ್ಟು ನಡೆಯಲಿಲ್ಲ, ದೆಹಲಿಯೇ ಮಾಡಿದ್ದರೆ ಎಲ್ಲರಿಗೂ ಸಿಗುತ್ತಿರಲಿಲ್ಲವೇ ಎಂದು ಎದುರಿನವರು. ಎರಡೂ ವಾದ ಗಟ್ಟಿ. ಪ್ರಾಂತ್ಯಗಳು ಕೂತು ಮಾತಾಡಿದ್ದು ಇಂಥದ್ದೇ ಪ್ರಶ್ನೆಯನ್ನು ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿಯಿತು. ಮತಕ್ಕೆ ಹಾಕಿದಾಗ 226 ಸೋತಿತು. ಮೈಸೂರಿನವರು ಮಾತ್ರ ಒಟ್ಟಾಗಿ ಅದರ ಪರ ನಿಂತರು.

ನಿಜವಾದ ಸಭೆಯಲ್ಲಿ ಏನಾಯಿತು? ಅಂತಿಮ ಸಂವಿಧಾನದ 249ನೇ ವಿಧಿಯನ್ನು ಕರಡಿನ 226ರ ಪಕ್ಕದಲ್ಲಿಟ್ಟು ಓದಿಸಿದೆ. ವಿಧಿ ಉಳಿದುಕೊಂಡಿದೆ, ಮೂರರಲ್ಲಿ ಎರಡು ಪಾಲಿನ ನಿಯಮವೂ ಉಳಿದಿದೆ. ಹೊಸದಾಗಿ ಬಂದದ್ದು ಕಾಲದ ಮಿತಿ. ರಾಜ್ಯಸಭೆಯ ನಿರ್ಣಯ ಒಂದು ವರ್ಷ ಮೀರಿ ನಿಲ್ಲದು, ಮುಂದುವರಿಯಬೇಕಾದರೆ ಮತ್ತೆ ನಿರ್ಣಯ ಮಾಡಬೇಕು. ನಿರ್ಣಯದ ಅವಧಿ ಮುಗಿದು ಆರು ತಿಂಗಳಿಗೆ ಆ ಕಾನೂನೂ ಬಿದ್ದುಹೋಗುತ್ತದೆ. ಮದ್ರಾಸಿನ ಒಂದು ಆಕ್ಷೇಪದಿಂದಲೇ ಇದಾಯಿತೆಂದು ಗಂಟು ಹಾಕಬೇಡಿ, ದೆಹಲಿಯ ಸಭೆಯಲ್ಲೂ ರಾಜ್ಯಗಳ ಪರವಾಗಿ ಮಾತಾಡಿದವರಿದ್ದರು ಎಂದು ಮಕ್ಕಳಿಗೆ ಹೇಳಿದೆ. ಇಷ್ಟಂತೂ ನಿಜ: ಆಕ್ಷೇಪ ಎದ್ದ ವಿಧಿ ಎದ್ದ ರೂಪದಲ್ಲೇ ಉಳಿಯಲಿಲ್ಲ. ಆಮೇಲೆ ಅದನ್ನು ಬಳಸಿದ್ದೂ ಬಲು ಅಪರೂಪ. 1986ರಲ್ಲಿ ಗಡಿ ಭದ್ರತೆಯ ವಿಷಯಕ್ಕೆ ರಾಜ್ಯಸಭೆ ಅಂಥ ನಿರ್ಣಯ ಮಾಡಿತ್ತು.

ಕೊನೆಯ ತುಣುಕು ಹುಡುಕಿಕೊಟ್ಟವಳು ಶಿರೂರಿನ ಅದೇ ಹುಡುಗಿ. ಅಮೆರಿಕದ ಹಾಗೆ ರಾಜ್ಯಗಳು ಅನುಮೋದಿಸುವ ಪದ್ಧತಿ ನಮ್ಮಲ್ಲಿ ಎಲ್ಲಾದರೂ ಇದೆಯೇ ಎಂದು ಅವಳು 368ನೇ ವಿಧಿ ಓದುತ್ತಿದ್ದಳು. ಸಂವಿಧಾನದ ತಿದ್ದುಪಡಿಗೆ ಸಾಮಾನ್ಯವಾಗಿ ಸಂಸತ್ತಿನ ವಿಶೇಷ ಬಹುಮತ ಸಾಕು. ಕೆಲವು ಭಾಗಗಳನ್ನು ಮುಟ್ಟಬೇಕಾದರೆ ಮಾತ್ರ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಬೇಕು. ಈಗಿನ 28 ರಾಜ್ಯಗಳ ಲೆಕ್ಕದಲ್ಲಿ 14. ಹಾಗೆ ಅನುಮೋದನೆ ಬೇಕಾದ ಭಾಗಗಳ ಪಟ್ಟಿಯಲ್ಲಿ ಏಳನೇ ಅನುಸೂಚಿಯ ಮೂರು ಪಟ್ಟಿಗಳಿವೆ, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ ಇದೆ, ಹೈಕೋರ್ಟುಗಳಿವೆ, ಮತ್ತೆ ‘ಭಾಗ 11ರ ಅಧ್ಯಾಯ 1’ ಎಂದು ಒಂದು ಸಾಲಿದೆ. ಸಂಖ್ಯೆ ನೋಡಿ ಬಿಟ್ಟುಬಿಡುವಂಥ ಸಾಲು. ಅವಳು ಪುಟ ತಿರುವಿ ಆ ಅಧ್ಯಾಯ ಎಲ್ಲಿಂದ ಎಲ್ಲಿಗೆ ಎಂದು ನೋಡಿದಳು. 245ರಿಂದ 255. 249 ಅದರ ಒಳಗೇ ಇದೆ.

ಮದ್ರಾಸು ತಕರಾರು ತೆಗೆದ ಅದೇ ವಿಧಿ ಇವತ್ತು ರಾಜ್ಯಗಳ ಒಪ್ಪಿಗೆ ಇಲ್ಲದೆ ತಿದ್ದಲಾಗದ ವಿಧಿಗಳಲ್ಲಿ ಒಂದು. ಕೇಂದ್ರಕ್ಕೆ ಇನ್ನೂ ಹೆಚ್ಚು ಅಧಿಕಾರ ಬೇಕೆಂದು ಆ ಒಂದು ವರ್ಷದ ಮಿತಿಯನ್ನು ತೆಗೆಯಹೊರಟರೆ ವಿಷಯ ವಿಧಾನಸಭೆಗಳ ಮುಂದೆ ಬರಲೇಬೇಕು, ಬೆಂಗಳೂರಿನಲ್ಲೂ ಅದು ಚರ್ಚೆಯಾಗಬಹುದು. ಹಣಕಾಸಿನ ವಿಷಯದಲ್ಲಂತೂ ಇದು ಈಚೆಗೆ ನಡೆದೇ ಇದೆ. 2016ರಲ್ಲಿ ಜಿಎಸ್‌ಟಿಗಾಗಿ 101ನೇ ತಿದ್ದುಪಡಿ ಬಂದಾಗ ಅದನ್ನು ರಾಜ್ಯಗಳಿಗೆ ಕಳಿಸಿದರು, ಅಸ್ಸಾಂ ಎಲ್ಲರಿಗಿಂತ ಮೊದಲು ಆಗಸ್ಟ್‌ನಲ್ಲಿ ಅನುಮೋದಿಸಿತು, ಬೇಕಾದಷ್ಟು ರಾಜ್ಯಗಳು ಒಪ್ಪಿದ ಮೇಲೆಯೇ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು.

ಹುಡುಗಿ ಇದನ್ನು ತರಗತಿಗೆ ಹೇಳಿ ಮುಗಿಸುವಾಗ ಗಂಗೊಳ್ಳಿಯವನು ತನ್ನ 21ನೇ ನಮೂದನ್ನು ಬಿಡಲೇ ಇಲ್ಲ. ಏಳನೇ ಅನುಸೂಚಿಯ ಪಟ್ಟಿಗಳೂ ಅದೇ 368ರಲ್ಲಿ ಇವೆಯಲ್ಲ, ಹಾಗಾದರೆ ಮೀನುಗಾರಿಕೆಯನ್ನು ರಾಜ್ಯಪಟ್ಟಿಯಿಂದ ತೆಗೆಯಬೇಕಾದರೂ ನಮ್ಮ ವಿಧಾನಸಭೆಯನ್ನು ಕೇಳಬೇಕಲ್ಲ ಎಂದ. ಕೇಳಬೇಕು, ಆದರೆ ನಮ್ಮದೊಂದೇ ಅಲ್ಲ, ಉಳಿದವುಗಳಲ್ಲಿ 14 ರಾಜ್ಯಗಳು ಒಪ್ಪಿದರೆ ಕರ್ನಾಟಕ ಬೇಡವೆಂದರೂ ತಿದ್ದುಪಡಿ ಆಗುತ್ತದೆ, ಆ ಹದಿನಾಲ್ಕರಲ್ಲಿ ಸಮುದ್ರವೇ ಇಲ್ಲದ ರಾಜ್ಯಗಳೂ ಇರಬಹುದು ಎಂದಳು ಅವಳು. ಮುಂದಿನ ಅವಧಿಯ ಚರ್ಚೆ ಅದರ ಮೇಲೆಯೇ ನಡೆಯಿತು.